ಹುಚ್ಚಣ್ಣ ಅಡುಗೆಮನೆ ಅಳೆದ ಏಳು ದಿನ

ಹನುಮಂತಮ್ಮ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಹಸುವಿಗೆ ನೀರು ಕುಡಿಸಲು ತೊಟ್ಟಿಯ ಹತ್ತಿರ ಹೋಗಿದ್ದರು. ಕಣ್ಣಿಗೆ ಕತ್ತಲೆ ಬಂತು, ಹಗ್ಗ ಕೈಯಲ್ಲಿರುವಾಗಲೇ ಕುಸಿದು ಕೂತರು. ಸೊಸೆ ಪವಿತ್ರ ಓಡಿಬಂದು ಮುಖಕ್ಕೆ ನೀರು ಚಿಮುಕಿಸಿದಳು. ಮಗ ಕಾಂತೇಶ್ ಆಟೋ ತಂದ. ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಹಿಡಿದುಕೊಂಡು ಹುಚ್ಚಣ್ಣ ಆಸ್ಪತ್ರೆಗೆ ಹೋದರು.

ಇದು ತಿಪಟೂರು ತಾಲ್ಲೂಕಿನಲ್ಲಿ, ಹಾಲ್ಕುರಿಕೆಯ ಆಚೆಗಿನ ಒಂದು ಸಣ್ಣ ಊರಿನ ಮಾತು. 2002ನೇ ಇಸವಿ, ಜೂನ್ ತಿಂಗಳು.

ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿದರು. "ಎಂಟೇ ಐತೆ. ಹನ್ನೆರಡು ಇರ್ಬೇಕಿತ್ತು. ಊಟ ಸರಿಯಾಗಿ ಮಾಡ್ತಿಲ್ಲ ಇವರು" ಎಂದರು. ಮಾತ್ರೆ ಬರೆದುಕೊಟ್ಟರು.

ಹುಚ್ಚಣ್ಣನವರಿಗೆ ಈ ಮಾತು ನಾಟಿಬಿಟ್ಟಿತು. ಮನೆಗೆ ಬಂದು ಜಗಲಿಯ ಮೇಲೆ ಕೂತು, ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿದರು. "ನಮ್ಮನೇಲಿ ಊಟಕ್ಕೆ ಕಮ್ಮಿ ಅಂತೆ! ಅಟ್ಟದ ತುಂಬ ಕಾಯಿ ಐತೆ. ಕಣಜದಾಗೆ ರಾಗಿ ಐತೆ. ಕಟ್ಟಿದ ಹಸ ಐತೆ. ಇನ್ನೇನ್ ಬೇಕಪ್ಪ ಒಂದ್ಮನೆಗೆ?"

ಹುಚ್ಚಣ್ಣ ಸುಮ್ಮನೆ ಮಾತಾಡುವವರಲ್ಲ. ಅಳತೆಯ ಮನುಷ್ಯ ಎಂದು ಸುತ್ತ ನಾಲ್ಕೂರಿಗೆ ಹೆಸರಾದವರು. ಕಿತ್ತು ಹಾಕಿದ ಕಾಯಿ ರಾಶಿಯನ್ನು ಒಂದು ಸುತ್ತು ಹೊಡೆದು ನೋಡಿ, "ಸಾವಿರದ ಇನ್ನೂರರ ಮೇಲೆ ಒಂದೈದು" ಎಂದರೆ, ಎಣಿಸಿದವರು ಐದೋ ಹತ್ತೋ ಹೆಚ್ಚುಕಮ್ಮಿ ಅಷ್ಟೇ ಹೇಳುತ್ತಿದ್ದರು. ಕಾಯಿ ಕೊಳ್ಳಲು ಕಿಬ್ಬನಹಳ್ಳಿಯಿಂದ ಬರುವ ವ್ಯಾಪಾರದವರು ಅವರ ಮಾತಿನ ಮೇಲೆ ರಾಶಿ ಎತ್ತುತ್ತಿದ್ದರು.

ಅವರಿಗೆ ಮೂರೆಕರೆ ತೆಂಗಿನ ತೋಟ. ತೋಟದ ಮೇಲ್ಗಡೆ ಒಂದೆಕರೆ ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಹೊಲ ಎಂದರೆ ಹನುಮಂತಮ್ಮನವರದು. ಅಲ್ಲಿ ರಾಗಿ ಬಿತ್ತಿ, ನಡುವೆ ಅಕ್ಕಡಿ ಸಾಲು ಹಿಡಿಸಿ, ಅವರೆ, ಅಲಸಂದೆ, ಹುಚ್ಚೆಳ್ಳು ಹಾಕುತ್ತಿದ್ದರು. ಅಂಚಿನಲ್ಲಿ ಹುರುಳಿ. ಆ ಸಮಯದಲ್ಲಿ ತೋಟಕ್ಕೆ ನುಸಿ ಹುಳ ಬಿದ್ದು ಕಾಯಿ ಸಣ್ಣವಾಗಿದ್ದವು. ಕಾಯಿ ಸಣ್ಣದಾದರೆ ಮರವನ್ನಾದರೂ ಹೆಚ್ಚಿಸೋಣ ಎಂದು ಹುಚ್ಚಣ್ಣ ಆ ಹೊಲಕ್ಕೂ ತೆಂಗು ಹಾಕಲು ನಿಶ್ಚಯ ಮಾಡಿದ್ದರು. ಅರವತ್ತು ಸಸಿ ತಯಾರಿದ್ದವು. ಕಾಂತೇಶ್ ಆಳುಗಳ ಜೊತೆ ಸೇರಿ ಆಗಲೇ ನಲವತ್ತು ಗುಂಡಿ ತೆಗೆದಿದ್ದ.

"ಅದೊಂದು ಹೊಲ ಬುಡ್ರಿ" ಎಂದು ಹನುಮಂತಮ್ಮ ಎರಡು ಸಲ ಹೇಳಿದ್ದರು.

"ಏನೈತೆ ಆ ಹೊಲ್ದಾಗೆ?" ಎಂದು ಹುಚ್ಚಣ್ಣ ಎರಡು ಸಲವೂ ಕೇಳಿದ್ದರು. ಮಾತು ಅಲ್ಲಿಗೇ ನಿಂತಿತ್ತು.

ಆಸ್ಪತ್ರೆಯಿಂದ ಬಂದ ಮಾರನೇ ದಿನ ಅಂಗನವಾಡಿಯ ಗಿರಿಜಾಂಬಿಕಾ ಮನೆಗೆ ಬಂದರು. ಅದೇ ಬೀದಿಯಲ್ಲಿ ಆಡಿ ಬೆಳೆದ ಹೆಣ್ಣುಮಗಳು, ಈಗ ಊರ ಮಕ್ಕಳಿಗೆಲ್ಲ ಟೀಚರಮ್ಮ. ಹುಚ್ಚಣ್ಣನವರಿಗೆ ಮಾತ್ರ ಇನ್ನೂ ಗಿರಿಜಾ.

"ನೀನೇ ಹೇಳು ಗಿರಿಜಾ" ಎಂದು ಹುಚ್ಚಣ್ಣ ಶುರು ಮಾಡಿದರು. "ಈ ಮನೇಲಿ ಊಟಕ್ಕೆ ಕಮ್ಮಿ ಐತಾ?"

"ನಂಗೇನ್ ಗೊತ್ತು ದೊಡ್ಡಪ್ಪ. ನೀವೇ ಹೇಳ್ಬೇಕು. ನೆನ್ನೆ ಮಧ್ಯಾಹ್ನ ದೊಡ್ಡಮ್ಮ ಏನ್ ಉಂಡ್ರು?"

"ಏನ್ ಉಣ್ತಾರೆ? ಮುದ್ದೆ, ಸಾರು."

"ಎಷ್ಟು ಮುದ್ದೆ?"

ಹುಚ್ಚಣ್ಣ ಹೆಂಡತಿಯ ಮುಖ ನೋಡಿದರು. ಹೆಂಡತಿ ಬಾಗಿಲ ಕಡೆ ನೋಡಿದರು.

"ಒಂದಿರ್ಬೇಕು" ಎಂದರು ಹುಚ್ಚಣ್ಣ.

"ರಾಶಿ ನೋಡಿ ಸಾವಿರ ಕಾಯಿ ಎಣಿಸೋರು, ತಟ್ಟೇಲಿರೋ ಮುದ್ದೆಗೆ ಇರ್ಬೇಕು ಅಂತೀರಲ್ಲ ದೊಡ್ಡಪ್ಪ!"

ಒಳಗೆ ಪವಿತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹುಚ್ಚಣ್ಣನವರ ಕಿವಿ ಕೆಂಪಾಯಿತು.

"ಊಟನ ಯಾರಾದ್ರೂ ಅಳೀತಾರೇನವ್ವ? ಹೊಟ್ಟೆ ತುಂಬ್ತೋ ಇಲ್ವೋ, ಅಷ್ಟೇ ಅಳತೆ."

"ಅದು ಒಂದಳತೆ ಅಷ್ಟೆ" ಎಂದರು ಗಿರಿಜಾಂಬಿಕಾ. "ಹೋದ ತಿಂಗಳು ತಿಪಟೂರಾಗೆ ನಮ್ಗೆ ತರಬೇತಿ ಆಯ್ತು. ಅಲ್ಲಿ ಹೇಳಿಕೊಟ್ಟಿದ್ದನ್ನ ಹೇಳ್ತೀನಿ. ನಾವು ತಿನ್ನೋದು ಎಲ್ಲಿಂದ ಬಂತು ಅಂತ ನೋಡ್ಬೇಕು. ಅದು ಬೆಳೆಯೋಕೆ ಎಷ್ಟು ನೀರು ಕುಡೀತು, ಭೂಮಿ ಮುಂದಿನ ವರ್ಷಕ್ಕೂ ಚೆನ್ನಾಗಿರುತ್ತಾ ಅಂತ ನೋಡ್ಬೇಕು. ಆಮೇಲೆ ಮನೇಲಿ ಯಾರ್ಯಾರಿಗೆ ಎಷ್ಟು ಸಿಕ್ತು ಅಂತ್ಲೂ ನೋಡ್ಬೇಕು. ಇವತ್ತು ಹೊಟ್ಟೆ ತುಂಬಿದ್ರೆ ಸಾಲ್ದು ದೊಡ್ಡಪ್ಪ. ನಿಮ್ ಮೊಮ್ಮಗಳು ಸ್ಪಂದನಂಗೆ ಇನ್ನು ಇಪ್ಪತ್ತು ವರ್ಷ ಆದ್ಮೇಲೂ ಈ ನೆಲ ಊಟ ಕೊಡುತ್ತಾ ಅನ್ನೋದೇ ದೊಡ್ಡ ಅಳತೆ."

"ಅದನ್ನೆಲ್ಲ ಅಳೆಯಕ್ಕಾಯ್ತದಾ?"

"ಬೇರೆಯವರಿಗೆ ಕಷ್ಟ. ನಿಮ್ಗೇನು? ಏಳು ದಿನ ಅಡುಗೆಮನೇಲಿ ಕೂತ್ಕೊಂಡ್ ನೋಡಿ, ಬರೆದಿಡಿ. ಎಂಟನೇ ದಿನ ನಾನು ಬತ್ತೀನಿ."

ಹೀಗೆ ಹೇಳಿ, ಅಂಗನವಾಡಿಯಿಂದ ತಂದಿದ್ದ ಎರಡು ಸೀಮೆಸುಣ್ಣ ಕೈಗಿಟ್ಟು ಹೋದರು. ಹನುಮಂತಮ್ಮನವರಿಗೆ ಮಾತ್ರೆಯನ್ನು ಊಟವಾದ ಮೇಲೆ ನುಂಗಬೇಕು, ಅದರ ಜೊತೆ ಕಾಫಿ, ಟೀ ಕುಡಿಯಬಾರದು ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಮೊದಲ ದಿನ ಹುಚ್ಚಣ್ಣ ಮಣೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತರು. ಬಾಗಿಲ ಹಲಗೆಯೇ ಅವರ ಪುಸ್ತಕ. ಏನು ಒಲೆಗೆ ಹೋದರೂ "ಅದೆಲ್ಲಿಂದ ಬಂತು?" ಎಂದು ಕೇಳಿದರು. ಅಕ್ಕಿ ಅಂಗಡಿಯದು. ಬೇಳೆ ಅಂಗಡಿಯದು. ರಾಗಿ ಹೊಲದ್ದು. ನುಗ್ಗೆಸೊಪ್ಪು ಹಿತ್ತಲಿನದು. ಕಾಯಿ ತೋಟದ್ದು.

"ಉಪ್ಪು?"

"ಸಮುದ್ರದ್ದು ಅಂತ ಬರ್ಕಳಿ" ಎಂದು ಹನುಮಂತಮ್ಮ ಸೌಟು ಕುಕ್ಕಿದರು. "ಮೂವತ್ತಾರು ವರ್ಷದಾಗೆ ಒಂದಿನಾನೂ ಒಳಕ್ಕೆ ಬರ್ದೆ ಇದ್ದೋರು ಈಗ ಬಂದು ದಾರಿಗೆ ಅಡ್ಡ ಕೂತವ್ರೆ. ಸರೀರಿ ಅತ್ಲಾಗೆ, ಹಾಲುಕ್ಕುತ್ತೆ!"

"ಹಾಲೆಲ್ಲಿಂದ ಬಂತು?"

"ನಿಮ್ ತಲೆಯಿಂದ" ಎಂದರು ಹನುಮಂತಮ್ಮ. ಹೇಳಿದ ಮೇಲೆ ಅವರಿಗೇ ನಗು ಬಂತು.

ಎರಡನೇ ದಿನ ಹದವಾಗಿ ಮಳೆ ಬಿದ್ದು ಬಿಟ್ಟಿತ್ತು. ಪವಿತ್ರ ಸೊಪ್ಪು ಕೀಳಲು ಹೊರಟಳು. ಎಲ್ಲಿಂದ ಎಂದು ಬರೆಯಬೇಕಲ್ಲ, ಹುಚ್ಚಣ್ಣನವರೂ ಹಿಂದೆಯೇ ಹೋದರು. ಅವಳು ಹೋದದ್ದು ಮೇಲಿನ ಹೊಲಕ್ಕೆ. ಗುಂಡಿಗಳ ನಡುವೆ ಬಗ್ಗಿ ಬಗ್ಗಿ ಅಣ್ಣೆಸೊಪ್ಪು ಕಿತ್ತಳು. ಬದುವಿನ ಮೇಲೆ ಗಣಿಕೆ ಸೊಪ್ಪು, ಅದರ ಪಕ್ಕ ಕೀರೆ. ಅರ್ಧ ಗಂಟೆಯಲ್ಲಿ ಮಡಿಲು ತುಂಬಿತು.

"ಇದನ್ಯಾರು ಹಾಕಿದ್ದು?"

"ಯಾರೂ ಹಾಕಲ್ಲ ಮಾವ. ಮಳೆ ಬಂದ್ರೆ ಬರುತ್ತೆ."

"ನೀರು?"

"ನೀರ್ಯಾರು ಬುಡ್ತಾರೆ ಇದಕ್ಕೆ?" ಪವಿತ್ರ ನಿಂತು ಗುಂಡಿಯೊಂದನ್ನು ತೋರಿಸಿದಳು. "ಈ ಸಲ ಕಮ್ಮಿ ಮಾವ. ಗುಂಡಿ ಮಣ್ಣು ಎತ್ತಿ ಹಾಕಿರೋ ಕಡೆ ಎಲ್ಲ ಮುಚ್ಚೋಗೈತೆ. ಹೋದ ವರ್ಷ ಇಷ್ಟೊತ್ತಿಗೆ ಎರಡು ಮಡಿಲು ಆಗ್ತಿತ್ತು."

ಹುಚ್ಚಣ್ಣ ಗುಂಡಿಯ ಅಂಚಿನ ಮಣ್ಣನ್ನು ಕಾಲಿನಿಂದ ಸರಿಸಿ ನೋಡಿದರು. ಮನೆಗೆ ಬಂದು ಬಾಗಿಲ ಮೇಲೆ ಮೂರು ಗೆರೆ ಎಳೆದರು.

ಮೂರನೇ ದಿನ ಮಧ್ಯಾಹ್ನ ಹುರುಳಿ ಕಾಳಿನ ಬಸ್ಸಾರು. ಎಂದಿನಂತೆ ಹುಚ್ಚಣ್ಣ ಮತ್ತು ಕಾಂತೇಶ್ ಮೊದಲು ಉಂಡರು. ಸ್ಪಂದನಳಿಗೆ ಅವಳ ಅಮ್ಮ ತಿನ್ನಿಸಿದಳು. ಬೇರೆ ದಿನವಾಗಿದ್ದರೆ ಹುಚ್ಚಣ್ಣ ಕೈ ತೊಳೆದು ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವತ್ತು ಮಣೆ ಬಿಟ್ಟು ಏಳಲಿಲ್ಲ.

"ಆಚೆಗೋಗ್ರಿ, ನಾವು ಉಣ್ಬೇಕು" ಎಂದರು ಹನುಮಂತಮ್ಮ.

"ಉಣ್ಣು. ಅಳತೆ ಐತೆ."

"ನೀವಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ ಕಣ್ರೀ."

"ಗೋಡೆ ಕಡೆ ತಿರುಗ್ತೀನಿ, ಉಣ್ಣೇ."

ತಿರುಗಿದರು. ಆದರೆ ಅಳೆಯುವವರ ಕಣ್ಣು ಸುಮ್ಮನಿರುತ್ತದೆಯೇ? ಓರೆಯಾಗಿ ನೋಡಿದರು. ಹನುಮಂತಮ್ಮ ಇದ್ದ ಒಂದು ಮುದ್ದೆಯನ್ನು ಸೊಸೆಯ ತಟ್ಟೆಗೆ ಹಾಕಿದರು. ಪಲ್ಯ ಮಾಡಿದ್ದ ಸೊಪ್ಪಿನಲ್ಲಿ ಒಂದು ಹಿಡಿ ಉಳಿದಿತ್ತು, ಅದನ್ನೂ ಸೊಸೆಗೇ ಹಾಕಿದರು. ಆಮೇಲೆ ಗಡಿಗೆಯ ತಳ ಕೆರೆದರು. ನಿಂಬೆಗಾತ್ರದ ಮುದ್ದೆ ಬಂತು. ಸಾರಿನ ಪಾತ್ರೆ ಬಗ್ಗಿಸಿದರು. ತಿಳಿ ಬಂತು, ಕಾಳು ಬರಲಿಲ್ಲ. ಎರಡು ತುತ್ತಿನಲ್ಲಿ ಊಟ ಮುಗಿಯಿತು. ಆಮೇಲೆ ಒಲೆಯ ಮೇಲಿದ್ದ ಟೀಗೆ ಕೈ ಹಾಕಿದರು.

"ಕಾಳೆಲ್ಲೇ?" ಎಂದರು ಹುಚ್ಚಣ್ಣ.

ಹನುಮಂತಮ್ಮ ಬೆಚ್ಚಿ ತಲೆ ಎತ್ತಿದರು. "ಕಾಳು ನಿಮ್ಗೆ, ಕಾಂತೇಶಂಗೆ ಬಡಿಸ್ದೆ. ಗೆಯ್ಯೋರು ನೀವು."

"ದಿನಾ ಹಿಂಗೇನಾ?"

"ದಿನಾ ಎಲ್ಲಿ? ಹಬ್ಬದ ದಿನ ಉಳಿಯುತ್ತೆ."

ದೂರು ಹೇಳುವ ದನಿಯಲ್ಲಿ ಹೇಳಲಿಲ್ಲ. ಇವತ್ತು ಮೋಡ ಆಗಿದೆ ಎನ್ನುವ ಹಾಗೆ ಹೇಳಿದರು. ಹುಚ್ಚಣ್ಣ ಬಾಗಿಲ ಕಡೆ ತಿರುಗಿ ಸೀಮೆಸುಣ್ಣ ಹಿಡಿದರು. ಏನು ಬರೆಯಬೇಕೋ ತಿಳಿಯಲಿಲ್ಲ. ಮೂವತ್ತಾರು ವರ್ಷ ಈ ಕೈ ಅವರಿಗೆ ಬಡಿಸಿದೆ. ಬಡಿಸಿದ ಮೇಲೆ ಆ ಕೈಗೆ ಏನು ಉಳಿಯಿತು ಎಂದು ಒಂದು ದಿನವೂ ಅವರು ತಿರುಗಿ ನೋಡಿರಲಿಲ್ಲ. ತೋಟದಲ್ಲಿ ಯಾವ ಮರಕ್ಕೆ ನೀರು ಸಾಲದು ಎಂದು ಗರಿ ನೋಡಿಯೇ ಹೇಳುತ್ತಿದ್ದ ಮನುಷ್ಯ ಅವರು.



ನಾಲ್ಕನೇ ದಿನ ಮಧ್ಯಾಹ್ನ ಹನುಮಂತಮ್ಮ ಬಂದು ನೋಡಿದರೆ ಐದು ತಟ್ಟೆ ಸಾಲಾಗಿ ಕೂತಿದ್ದವು. ಹಾಕಿದವರು ಹುಚ್ಚಣ್ಣ.

"ಯಾರ್ ಬಂದವ್ರೆ?" ಎಂದರು ಹನುಮಂತಮ್ಮ.

"ನೀನು ಬಂದಿದ್ದೀಯ. ಕೂತ್ಕೊ."

"ಬಡಿಸೋರ್ಯಾರು?"

"ಪಾತ್ರೆ ನಡುಮಧ್ಯೆ ಇಡು. ಕೈ ಚಾಚಿದ್ರೆ ಸಿಗುತ್ತೆ."

ಕಾಂತೇಶ್ ಮುಖ ಎಲ್ಲಿಡಬೇಕೋ ತಿಳಿಯದೆ ಚಿಕ್ಕ ಹುಡುಗನಂತೆ ತಲೆ ತಗ್ಗಿಸಿ ಕೂತ. ಹನುಮಂತಮ್ಮ ತಟ್ಟೆಯ ಮುಂದೆ ಕೂತರು, ಎದ್ದರು, ಮತ್ತೆ ಕೂತರು. ಹುಚ್ಚಣ್ಣ ಸೌಟಿನಿಂದ ತಳ ಕಲಸಿ ಹೆಂಡತಿಯ ತಟ್ಟೆಗೆ ಕಾಳು ಬಡಿಸಿದರು. ಅಭ್ಯಾಸವಿಲ್ಲದ ಕೈ, ಅರ್ಧ ನೆಲಕ್ಕೆ ಬಿತ್ತು.

"ಅಜ್ಜ ಚೆಲ್ತು!" ಎಂದು ನಾಲ್ಕು ವರ್ಷದ ಸ್ಪಂದನ ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಹನುಮಂತಮ್ಮ ಇಡೀ ಒಂದು ಮುದ್ದೆ ಉಂಡರು.

ಎಂಟನೇ ದಿನ ಗಿರಿಜಾಂಬಿಕಾ ಬಂದು ಬಾಗಿಲ ಮುಂದೆ ನಿಂತು ಓದಿದರು. ಏಳು ದಿನದಲ್ಲಿ ಆ ಮನೆ ತಿಂದದ್ದು ಇಪ್ಪತ್ತಮೂರು ಬಗೆ. ಅದರಲ್ಲಿ ಒಂಬತ್ತು ಅಂಗಡಿಯಿಂದ ಬಂದವು. ಐದು ತೋಟ, ಹಿತ್ತಿಲು, ಕೊಟ್ಟಿಗೆಯವು. ಉಳಿದ ಒಂಬತ್ತೂ ಹನುಮಂತಮ್ಮನವರ ಹೊಲದವು.

"ಏನೈತೆ ಆ ಹೊಲ್ದಾಗೆ ಅಂತಿದ್ರಂತೆ?" ಎಂದರು ಗಿರಿಜಾಂಬಿಕಾ ಮೆಲ್ಲಗೆ.

ಹುಚ್ಚಣ್ಣ ಸುಲಭಕ್ಕೆ ಸೋಲುವವರಲ್ಲ. "ಸರಿ ಕಣವ್ವ, ಒಪ್ಕೊಂಡೆ. ಆದ್ರೆ ಅಲ್ಲಿ ತೆಂಗು ಹಾಕಿದ್ರೂ, ಕೊಬ್ಬರಿ ಮಾರಿ ಅಂಗಡಿಯಿಂದ ಕಾಳು ತರಬೋದಲ್ಲ?"

"ತರಬೋದು. ಈ ಏಳು ದಿನದಾಗೆ ಅಂಗಡಿಯಿಂದ ಎಷ್ಟು ತರದ ಕಾಳು ತಂದ್ರಿ?"

ಹುಚ್ಚಣ್ಣ ಬಾಗಿಲು ನೋಡಿದರು. "ತೊಗರಿಬೇಳೆ ಒಂದೇ."

"ಸೊಪ್ಪು?"

"ಇಲ್ಲ."

"ಹೊಲದಾಗಿದ್ರೆ ಕಿತ್ತು ತಿಂತೀವಿ ದೊಡ್ಡಪ್ಪ. ಅಂಗಡೀಲಿದ್ರೆ ನಾಳೆ ತಂದ್ರಾಯ್ತು ಅಂತೀವಿ. ದೊಡ್ಡಮ್ಮನ ಕಮ್ಮಿಯಾಗಿರೋ ರಕ್ತಕ್ಕೆ ಮಾತ್ರೆ ಜೊತೆಗೆ ಬೇಕಾಗಿರೋದು ಅದೇ ಸೊಪ್ಪು, ಅದೇ ಕಾಳು. ಮೇಲೊಂಚೂರು ನಿಂಬೆಹುಳಿ. ಈಗ ನೀರಿನ ಲೆಕ್ಕ ಹೇಳಿ. ಬೇಸಿಗೇಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ ಎಷ್ಟು ನೀರು?"

"ನಾಕೈದು ಬಿಂದಿಗೆಯಾದ್ರೂ ಬೇಕು."

"ಅರವತ್ತು ಮರಕ್ಕೆ?"

ಹುಚ್ಚಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುನ್ನೂರು ಬಿಂದಿಗೆ. ಕಳೆದ ಏಪ್ರಿಲ್‌ನಲ್ಲಿ ಬೋರಿನ ಪೈಪು ನೀರಿಗಿಂತ ಗಾಳಿಯನ್ನೇ ಹೆಚ್ಚು ಉಗುಳಿತ್ತು. ಇದ್ದ ತೋಟಕ್ಕೇ ಸರದಿ ಹಾಕಿ ನೀರು ಬಿಟ್ಟಿದ್ದರು. ಹೊಲದ ರಾಗಿ, ಹುರುಳಿ ಆ ಬೋರಿನ ಒಂದು ಹನಿಯನ್ನೂ ಕೇಳಿರಲಿಲ್ಲ.

"ತೆಂಗು ಬೇಡ ಅಂತಿಲ್ಲ ನಾನು" ಎಂದರು ಗಿರಿಜಾಂಬಿಕಾ. "ತೆಂಗೇ ನಮ್ ಸೀಮೆ ಬದುಕು. ಆದ್ರೆ ಈ ಸಲ ನುಸಿ ಬಿತ್ತು. ಇರೋದೆಲ್ಲ ತೆಂಗೇ ಆಗಿದ್ರೆ ಗತಿ ಏನಾಗ್ತಿತ್ತು? ಮಳೆ ತಡವಾದ್ರೆ ರಾಗಿ ಹೋಗಬೋದು, ಹುರುಳಿ ನಿಲ್ಲುತ್ತೆ. ಅವರೆಗೆ ಹುಳ ಬಿದ್ರೆ ಅಲಸಂದೆ ಇರುತ್ತೆ. ಆಮೇಲೆ ಕಾಳಿನ ಗಿಡದ ಬೇರು ಭೂಮಿಗೂ ಸತ್ವ ಕೊಡುತ್ತೆ. ಹತ್ತು ತರ ಇರೋ ಹೊಲ ಎಲ್ಲಾ ಒಂದೇ ಸಲ ಕೈಬಿಡಲ್ಲ."

ಆಮೇಲೆ ಅವರು ಬಾಗಿಲಿನ ಕೆಳಗಿನ ಒಂದು ಗೆರೆಯ ಮೇಲೆ ಬೆರಳಿಟ್ಟರು. "ಹಾಲು ದಿನಕ್ಕೆ ಐದು ಲೀಟರು ಕರೆದಿದ್ದೀರಿ. ಡೈರಿಗೆ ಎಷ್ಟು ಹೋಯ್ತು?"

"ನಾಲ್ಕು ಮುಕ್ಕಾಲು" ಎಂದಳು ಪವಿತ್ರ.

"ಉಳಿದ ಕಾಲು?"

"ಟೀಗೆ."

"ಮಗೀಗೆ?"

ಸ್ಪಂದನ ಬಿಸ್ಕತ್ತು ಹಿಡಿದು ನಿಂತಿದ್ದಳು. ಹುಚ್ಚಣ್ಣ ಆ ಗೆರೆಯನ್ನು ಅಳಿಸಿ ತಾವೇ ಬರೆದರು: ಡೈರಿಗೆ ನಾಲ್ಕು, ಮನೆಗೆ ಒಂದು. ಆಮೇಲೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಲದ ಕಡೆ ಹೊರಟರು. ಅಲ್ಲಿ ಕಾಂತೇಶ್, ಅಮ್ಮ ಬಿದ್ದ ದಿನ ನಿಲ್ಲಿಸಿದ್ದ ಕೆಲಸವನ್ನು ಮತ್ತೆ ಹಿಡಿದು, ನಲವತ್ತೊಂದನೇ ಗುಂಡಿಯಲ್ಲಿ ಸೊಂಟದ ಮಟ್ಟ ಇಳಿದಿದ್ದ.

"ಗುಂಡಿ ಮುಚ್ಚು ಕಣ್ಲಾ" ಎಂದರು ಹುಚ್ಚಣ್ಣ.

ಕಾಂತೇಶ್ ಹಾರೆ ಬಿಟ್ಟು ಅಪ್ಪನನ್ನು ನೋಡಿದ. "ಅಪ್ಪಾ, ನನ್ ಸೊಂಟ ಬಿದ್ದೋಗೈತೆ ಇದನ್ನ ತೆಗೆದು!"

"ನಂಗೊತ್ತು ಕಣಪ್ಪ. ತಪ್ಪು ನಂದೇ. ಬಾ, ಇಬ್ರೂ ಮುಚ್ಚಾಣ."

ಬದುವಿನ ಪಕ್ಕದ ಏಳು ಗುಂಡಿ ಹಾಗೇ ಉಳಿದವು. ಅದರಲ್ಲಿ ಪರಂಗಿ, ನುಗ್ಗೆ, ಒಂದು ನಿಂಬೆ ಹಾಕಿದರು. ಉಳಿದವಕ್ಕೆ ಕೊಟ್ಟಿಗೆ ಗೊಬ್ಬರ ತುಂಬಿ ಮಣ್ಣೆಳೆದರು. ತಯಾರಿದ್ದ ತೆಂಗಿನ ಸಸಿಗಳಲ್ಲಿ ಹಳೇ ತೋಟದಲ್ಲಿ ಮರ ಸತ್ತು ಖಾಲಿಯಿದ್ದ ಕಡೆಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕವನ್ನು ಕೆಂಕೆರೆಯಲ್ಲಿದ್ದ ನೆಂಟರಿಗೆ ಕೊಟ್ಟು ಕಳಿಸಿದರು.

ಜುಲೈ ತಿಂಗಳಲ್ಲಿ ಬಿತ್ತನೆಯಾಯಿತು. ಹನುಮಂತಮ್ಮನವರಿಗೆ ಇನ್ನೂ ನಿಶ್ಶಕ್ತಿ. ಬದುವಿನ ಮೇಲೆ ಕೂತು, ಬೂದಿ ಹಚ್ಚಿ ಮಡಕೆಯಲ್ಲಿಟ್ಟಿದ್ದ ಬೀಜವನ್ನು ಹಿಡಿ ಹಿಡಿ ತೆಗೆದುಕೊಟ್ಟರು.

"ಅಯ್ಯೋ, ಅವರೆ ಅಷ್ಟು ಒತ್ತಾಗಿ ಹಾಕ್ಬೇಡ್ರಿ! ಒಂದು ಮಾರು ಬುಡಿ, ಹಬ್ಬಬೇಕು ಅದು."

"ಆಯ್ತು ಕಣೆ."

"ಹುಚ್ಚೆಳ್ಳು ಈ ಸಾಲಿಗಲ್ಲ, ಆ ಕಡೆ ಸಾಲಿಗೆ."

"ಆಯ್ತು ಕಣೆ, ಬೈಬೇಡ. ಹೊಸಬ ನಾನು."

ಹನುಮಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಎಷ್ಟೋ ವರ್ಷದಿಂದ ಅವರು ಒಬ್ಬರೇ ಹಿಡಿಸುತ್ತಿದ್ದ ಸಾಲುಗಳವು.

ಮೂರು ತಿಂಗಳು ಮಾತ್ರೆ ನುಂಗಿದರು. ದಿನಾ ಎಲ್ಲರ ಜೊತೆ ಕೂತು ಉಂಡರು. ದೀಪಾವಳಿ ಹತ್ತಿರ ಬಂದಾಗ ನರ್ಸಮ್ಮ ಮತ್ತೆ ಬೆರಳು ಚುಚ್ಚಿ, "ಹನ್ನೊಂದೂವರೆ" ಎಂದರು. ಹುಚ್ಚಣ್ಣ "ಹನ್ನೆರಡಾಗ್ಲಿ, ಆಮೇಲೆ ಮಾತಾಡಾಣ" ಎಂದು ಗಂಭೀರವಾಗಿ ಹೇಳಿ, ಹೊರಗೆ ಬಂದು ಹೆಂಡತಿಗೆ ಒಂದು ಮೊಳ ಹೂವು ಕೊಡಿಸಿದರು. ಯಾರಾದರೂ ನೋಡುತ್ತಿದ್ದಾರೇನೋ ಎಂದು ಆಚೀಚೆ ನೋಡಿ ಕೊಡಿಸಿದರು. ನೋಡಿದ್ದು ನಾನೊಬ್ಬಳೇ.

ನಾನು ಅದೇ ಊರಿನ ಸ್ತ್ರೀಶಕ್ತಿ ಸಂಘದವಳು. ಈ ಕಥೆಯನ್ನು ಸಂಘದಲ್ಲಿ ಓದಲು ಬರೆದುಕೊಡು ಎಂದು ಗಿರಿಜಾಂಬಿಕಾ ಕೇಳಿದಾಗ, ಮೊದಲು ನಮ್ಮ ಮನೆಯನ್ನು ಅಳೆದು ಆಮೇಲೆ ಬರೆಯುತ್ತೇನೆ ಎಂದೆ. ಅಳೆದೆ. ಎರಡನೇ ದಿನಕ್ಕೇ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಹದಿನಾಲ್ಕೇ ಬಗೆ, ಅದರಲ್ಲಿ ಹತ್ತು ಅಂಗಡಿಯವು. ಎಲ್ಲರಿಗಿಂತ ಕಡಿಮೆ ಉಂಡವಳು ನನ್ನ ಅತ್ತೆ, ಅವರ ನಂತರ ನಾನು. ಈಗ ಹಿತ್ತಿಲಲ್ಲಿ ದಂಟಿನ ಬೀಜ ಚೆಲ್ಲಿದ್ದೇನೆ, ಮೊಳಕೆ ಬಂದಿದೆ. ಅತ್ತೆಗೆ ಮೊದಲು ಬಡಿಸುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಏಳೇ ಏಳು ದಿನ ಅಳೆದು ನೋಡಿ. ಓದು ಬರಹ ಬೇಕಿಲ್ಲ, ಒಂದು ಬಗೆಗೆ ಒಂದು ಗೆರೆ ಎಳೆದರೆ ಸಾಕು. ಅಂಗಡಿಯದನ್ನು ಒಂದು ಕಡೆ, ನೆಲದ್ದನ್ನು ಒಂದು ಕಡೆ ಎಳೆಯಿರಿ. ನಿಮ್ಮ ಊಟಕ್ಕೆ ಮಳೆ ಎಷ್ಟು ನೀರು ಕೊಟ್ಟಿತು, ಬೋರು ಎಷ್ಟು ಕೊಟ್ಟಿತು ಎಂದು ಮನೆಯವರೆಲ್ಲ ಕೂತು ಮಾತಾಡಿ. ಹೊಲ ಇದ್ದವರು ಒಂದು ತುಂಡನ್ನಾದರೂ ಕಾಳು, ಸೊಪ್ಪಿಗೆ ಬಿಡಿ. ಹೊಲ ಇಲ್ಲದವರು ಬಚ್ಚಲು ನೀರು ಹರಿಯುವಲ್ಲಿ ನಾಲ್ಕು ಗಿಡ ಹಾಕಿ. ಹೆಣ್ಣುಮಕ್ಕಳು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಇವತ್ತೇ ಒಂದು ಕೆಲಸ ಮಾಡಿ. ಮಧ್ಯಾಹ್ನ ಉಂಡು ಕೈ ತೊಳೆದ ಮೇಲೆ ಎದ್ದು ಹೋಗಬೇಡಿ. ನಿಮಗೆ ಬಡಿಸಿದವರು ಏನು ಉಣ್ಣುತ್ತಾರೆ ಎಂದು ಅಲ್ಲೇ ಕೂತು ನೋಡಿ.